ಮೂರನೆಯ ಅರ್ಥಕ್ಕೆ ಒಂದು ಸಹಿ

"ತಗೊಳ್ಳಿ ಅಂತಿದೀನಲ್ಲ, ತಗೊಳ್ಳಿ!"

ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತಿದ್ದ ಆಸಾಮಿಯ ಎದೆಗೆ ಚೀಟಿಯಪ್ಪ ತನ್ನ ಛತ್ರಿಯನ್ನು ಒತ್ತಿ ಹಿಡಿದಿದ್ದ. ಬೆಳಗಿನ ಹತ್ತು ಗಂಟೆ. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಛತ್ರಿಯ ಎಂಟು ಕಡ್ಡಿಗಳಲ್ಲಿ ಮೂರು ಮುರಿದು, ಅದು ತೊಯ್ದ ಕಾಗೆಯ ಹಾಗೆ ಒಂದು ಕಡೆಗೆ ವಾಲಿಕೊಂಡಿತ್ತು. ಮೇಲಾಗಿ ಆಸಾಮಿಯ ಕಂಕುಳಲ್ಲಿ ಆಗಲೇ ಒಂದು ಹೊಚ್ಚ ಹೊಸ ಛತ್ರಿ ಇತ್ತು. ಇಷ್ಟನ್ನೂ ನೋಡಿಯೇ ಚೀಟಿಯಪ್ಪ ಅವನನ್ನು ಆರಿಸಿಕೊಂಡಿದ್ದ.

"ಯಾಕೆ ಕೊಡ್ತಿದೀರಿ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಬೇಡ ಅನ್ನಿಸಿದ್ರೆ ಬೇಡ ಅಂದ್ಬಿಡಿ. ನಾನೇನೂ ಬೇಜಾರು ಮಾಡ್ಕೊಳ್ಳಲ್ಲ. ಇಲ್ಲೊಂದು ಸಹಿ ಹಾಕಿದ್ರೆ ಸಾಕು." ಚೀಟಿಯಪ್ಪ ಇನ್ನೊಂದು ಕೈಯಿಂದ ಜೇಬಿನೊಳಗಿನ ನೀಲಿ ಚೀಟಿಯನ್ನು ಆಸೆಯಿಂದ ಎಳೆದ.

ಆಸಾಮಿ ಛತ್ರಿಯನ್ನು ನೋಡಿದ, ಚೀಟಿಯನ್ನು ನೋಡಿದ, ಆಕಾಶವನ್ನೂ ನೋಡಿದ. "ನಂದು ಮಳೆಗೆ ಆಗುತ್ತೆ. ಇದು ಬಿಸಿಲಿಗಿರಲಿ," ಎಂದು ಎರಡೂ ಛತ್ರಿಗಳ ಸಮೇತ ಬಂದ ಬಸ್ಸು ಹತ್ತಿದ. ಕಿಟಕಿಯಿಂದ ಕೈ ಹೊರಗೆ ಹಾಕಿ, "ನಿಮ್ಗೆ ಒಳ್ಳೇದಾಗ್ಲಿ ಸ್ವಾಮಿ!" ಎಂದೂ ಕೂಗಿದ.

ಚೀಟಿಯಪ್ಪನಿಗೆ ಒಳ್ಳೆಯದಾಗುವುದು ಹಾಗಿರಲಿ, ಸಂಜೆ ಐದಕ್ಕೆ ಕೆಲಸ ಹೋಗುವುದಿತ್ತು.

ಅವನು ದುಡಿಯುತ್ತಿದ್ದದ್ದು ನಿಘಂಟು ಕಚೇರಿಯಲ್ಲಿ. ಇಂಗ್ಲಿಷ್ ಮಾತುಗಳಿಗೆ ನಮ್ಮ ಭಾಷೆಯಲ್ಲಿ ಅರ್ಥ, ಮೂಲ, ಬಳಕೆ ಮೂರನ್ನೂ ಕೊಡುವ ನಿಘಂಟು. ಇಪ್ಪತ್ತೆರಡು ವರ್ಷಗಳಿಂದ ತಯಾರಾಗುತ್ತಿದ್ದು ಈಗ 'ಟಿ' ಅಕ್ಷರಕ್ಕೆ ಬಂದು ನಿಂತಿತ್ತು. ಅವನ ಅಂಗಿಯ ಜೇಬು, ಪ್ಯಾಂಟಿನ ಜೇಬು, ಕೆಲವೊಮ್ಮೆ ಕಿವಿಯ ಸಂದಿಯಿಂದಲೂ ಚೀಟಿಗಳು ಇಣುಕುತ್ತಿದ್ದುದರಿಂದ ಚೀಟಿಯಪ್ಪ ಎಂಬ ಹೆಸರು ಬಂದಿತ್ತು. ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ಅವನ ಪಾಲಿಗೆ ಬಂದದ್ದು ಇಂಗ್ಲಿಷಿನ ಜೋಡಿ ಕ್ರಿಯಾಪದಗಳು. ಒಂದು ಸಾಧು ಕ್ರಿಯಾಪದದ ಬೆನ್ನಿಗೆ ಒಂದು ಚಿಕ್ಕ ಪದ ಬಂದು ಅಂಟಿಕೊಂಡರೆ, ಹೊಸದಾಗಿ ಮದುವೆಯಾದ ಗಂಡಸಿನ ಹಾಗೆ ಅದರ ಗುರುತೇ ಸಿಗುವುದಿಲ್ಲ. ಅಂಥ ಇನ್ನೂರ ಹದಿಮೂರು ಜೋಡಿಗಳನ್ನು ಅವನು ಆರು ತಿಂಗಳಲ್ಲಿ ಪಳಗಿಸಿದ್ದ. ಉಳಿದದ್ದು ಒಂದೇ, 'ಟರ್ನ್ ಡೌನ್'. ಅದರಲ್ಲೂ ಮೂರನೆಯ ಅರ್ಥ.

ಮೊದಲ ಅರ್ಥ, ಸದ್ದು ತಗ್ಗಿಸುವುದು. ಇದಕ್ಕೆ ಅವನ ಕೆಳಗಿನ ಮನೆಯ ರೇಡಿಯೋ ಅಜ್ಜಿ ಸಹಿ ಹಾಕಿದ್ದಳು. ಆರು ವಾರ ಅಂಗಲಾಚಿದ ಮೇಲೆ ರೇಡಿಯೋದ ಸದ್ದು ತಗ್ಗಿಸಿ, ಸಹಿ ಹಾಕಿ, ಮತ್ತೆ ಏರಿಸಿದ್ದಳು. ಎರಡನೆಯದು, ಹಾಸಿಗೆಯ ಹೊದಿಕೆಯನ್ನೋ ಪುಟದ ತುದಿಯನ್ನೋ ಮಡಚುವುದು. ವಸತಿಗೃಹದ ಕೆಲಸದವಳೊಬ್ಬಳು ಸಹಿ ಹಾಕಿದ್ದಳು. ಮೂರನೆಯದು, ಯಾರಾದರೂ ಮುಂದಿಟ್ಟದ್ದನ್ನು ಬೇಡ ಎನ್ನುವುದು. ಇದರ ಸಹಿ ಹಾಕಿದ ಚೀಟಿ ತಮ್ಮ ಲಕೋಟೆಯಲ್ಲಿದೆ ಎಂದು ಹಿಂದಿನ ಗುಮಾಸ್ತರು ನಿವೃತ್ತರಾಗುವಾಗ ಹೇಳಿಹೋಗಿದ್ದರು. ಈ ದಿನ ಬೆಳಿಗ್ಗೆ ಲಕೋಟೆ ಒಡೆದರೆ ಒಳಗೆ ಸಿಕ್ಕಿದ್ದು ಅವರ ಹಳೆಯ ಕನ್ನಡಕದ ನಂಬರು ಬರೆದ ಕಾಗದ.

"ಇದೇನು ಮಹಾ ಸಾರ್," ಎಂದಿದ್ದ ಚೀಟಿಯಪ್ಪ, ಪ್ರಧಾನ ಸಂಪಾದಕರ ಮೇಜಿನ ಮುಂದೆ ನಿಂತು. "'ಅವಳು ಅವನ ಕೋರಿಕೆಯನ್ನು ತಿರಸ್ಕರಿಸಿದಳು' ಅಂತ ಬರೆದ್ರೆ ಮುಗೀತು."

"ಯಾವ ಅವಳು?"

"ಯಾರೋ ಒಬ್ಬಳು ಸಾರ್."

"ಎಷ್ಟು ಗಂಟೆಗೆ?"

"ಅದು… ಹಾಗೆ ಗಂಟೆ ಅಂತ ಏನಿಲ್ಲ ಸಾರ್."

ಪ್ರಧಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಯಾರಾದರೊಬ್ಬರು ಮನೆಗೆ ಹೋಗುವುದು ಖಚಿತ. "ನಮ್ಮ ನಿಘಂಟಿನಲ್ಲಿ ಉದಾಹರಣೆ ಹುಟ್ಟಿಸೋದಿಲ್ಲಪ್ಪ. ಹುಟ್ಟಬೇಕು."

ಆ ಕಚೇರಿಯ ಹೆಮ್ಮೆ ಅದೇ. ಪ್ರತಿ ಅರ್ಥಕ್ಕೂ ನಿಜವಾಗಿ ನಡೆದ ಒಂದು ಘಟನೆ ಬೇಕು. ನೀಲಿ ಚೀಟಿಯಲ್ಲಿ ಸ್ಥಳ, ಸಮಯ, ನಡೆದದ್ದು, ಕೆಳಗೆ ಆ ಕ್ರಿಯೆ ಮಾಡಿದವರ ಸಹಿ. ಗುಮಾಸ್ತ ಘಟನೆಗೆ ಅವಕಾಶ ಒದಗಿಸಬಹುದು, ಫಲ ಒದಗಿಸಕೂಡದು. ನಿಯಮ ಏಳರ ಪ್ರಕಾರ ಅವಕಾಶವೂ ನಾಟಕವಾಗಿರಕೂಡದು. ಕೊಡುತ್ತೇನೆ ಎಂದರೆ ನಿಜವಾಗಿ ಕೊಡುವ ಮನಸ್ಸಿರಬೇಕು. ಎದುರಿನವರು ಒಪ್ಪಿದರೆ ಕೊಟ್ಟೇಬಿಡಬೇಕು.

"ಐದು ಗಂಟೆಗೆ ಅಚ್ಚಿನ ಮೇಸ್ತ್ರಿ ಬರ್ತಾನೆ," ಎಂದರು ಪ್ರಧಾನರು. "ಮೂರನೇ ಅರ್ಥ ಅವನ ಕೈ ಸೇರಿದ್ರೆ ನಾಳೆಯಿಂದ ನೀನು ಕಾಯಂ ನೌಕರ. ಸೇರದಿದ್ರೆ…" ಅವರು ಕನ್ನಡಕ ಹಾಕಿಕೊಳ್ಳಲಿಲ್ಲ.

ಪಕ್ಕದ ಮೇಜಿನವನು ಚೀಟಿಯಪ್ಪನಿಗೆ ಧೈರ್ಯ ತುಂಬಿದ. ಅವನದು ಸಮಾನಾರ್ಥಕ ಪದಗಳ ವಿಭಾಗ. ಹದಿನಾಲ್ಕು ವರ್ಷ ಅದೇ ಕೆಲಸ ಮಾಡಿ ಒಂದು ಮಾತನ್ನು ಮೂರು ಸಲ ಹೇಳದೆ ಅವನಿಗೆ ಬಾಯಿ ಮುಚ್ಚಲು ಬರುತ್ತಿರಲಿಲ್ಲ. ಎಲ್ಲರೂ ಅವನನ್ನು ಮೂರ್ಮಾತು ಎನ್ನುತ್ತಿದ್ದರು.

"ಇದು ಸುಲಭ, ಸರಳ, ಸಲೀಸು ಕಣಯ್ಯ. ಯಾರಿಗೂ ಬೇಡದ್ದನ್ನ ಯಾರಿಗಾದ್ರೂ ಕೊಡೋಕೆ ಹೋಗು. ಬೇಡ ಅಂತಾರೆ. ಸಹಿ ಹಾಕಿಸ್ಕೋ. ಹೋಗು, ತೆರಳು, ನಡೆ."

ಹೊರಡುವ ಮುನ್ನ ಕರಡು ತಿದ್ದುವ ಮೇಡಂ ಅವನ ಪುಟವನ್ನು ವಾಪಸು ಕೊಟ್ಟಳು. ಅವಳ ಕೆಂಪು ಪೆನ್ನಿಗೆ ಪ್ರಧಾನರೂ ಹೆದರುತ್ತಿದ್ದರು. ಅರ್ಥದ ಕೆಳಗೆ ಚೀಟಿಯಪ್ಪ 'ಮೂಲ' ಎಂದು ಬರೆದಿದ್ದ. ಹಳೆಯ ಕಾಲದಲ್ಲಿ ನಾಚಿಕೆಯ ಹುಡುಗನೊಬ್ಬ ಮೆಚ್ಚಿದವಳ ಮನೆಯ ಮೇಜಿನ ಮೇಲೆ ಮಾತಿಲ್ಲದೆ ಒಂದು ಕೈಗನ್ನಡಿ ಇಡುತ್ತಿದ್ದನಂತೆ. ಒಪ್ಪಿಗೆಯಾದರೆ ಅವಳು ಅದರಲ್ಲಿ ಮುಖ ನೋಡಿ ನಗುತ್ತಿದ್ದಳಂತೆ. ಇಲ್ಲವಾದರೆ ಮಗುಚಿ ಇಡುತ್ತಿದ್ದಳಂತೆ. ಹಾಗೆ ಕೆಳಮುಖ ಮಾಡಿದ್ದರಿಂದಲೇ 'ಟರ್ನ್ ಡೌನ್' ಎಂಬ ಮಾತು ಬಂತಂತೆ, ಆಧಾರ ಸಿಕ್ಕಿಲ್ಲ. ಮೇಡಂ ನಾಲ್ಕೂ 'ಅಂತೆ'ಗಳ ಕೆಳಗೆ ಗೆರೆ ಎಳೆದು, ಅಂಚಿನಲ್ಲಿ 'ಕಂಡವರು ಯಾರು?' ಎಂದು ಬರೆದಿದ್ದಳು. ಆದರೆ ಬರೆದದ್ದು ಪೆನ್ಸಿಲಿನಲ್ಲಿ. ಚೀಟಿಯಪ್ಪನ ಪುಟಗಳನ್ನು ಮಾತ್ರ ಅವಳು ಪೆನ್ಸಿಲಿನಲ್ಲಿ ತಿದ್ದುತ್ತಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಅವಳನ್ನು ಅವನು ಇದುವರೆಗೆ ಏನನ್ನೂ ಕೇಳಿರಲಿಲ್ಲ.

ಹಾಗೆ ಹೊರಟು ಛತ್ರಿ ಕಳೆದುಕೊಂಡವನು ಈಗ ರಸ್ತೆಯ ತಿರುವಿನಲ್ಲಿ ನಿಂತು ಯೋಚಿಸಿದ. ತಪ್ಪು ತನ್ನದೇ. ಛತ್ರಿ ಎಷ್ಟೇ ಮುರಿದರೂ ಛತ್ರಿಯೇ. ಅರ್ಧ ವಸ್ತುವನ್ನು ಕೊಟ್ಟರೆ ಯಾವನು ತೆಗೆದುಕೊಳ್ಳುತ್ತಾನೆ? ಎಡಗಾಲಿನ ಬೂಟು ಕಳಚಿ ಬೂಟು ರಿಪೇರಿ ಅಂಗಡಿಗೆ ನುಗ್ಗಿದ.

"ಇದನ್ನ ನಿಮ್ಗೆ ಕೊಡ್ತೀನಿ. ಇದೊಂದನ್ನೇ. ಬಲಗಾಲಿಂದು ಕೊಡಲ್ಲ. ಬೇಡ ಅಲ್ವಾ?"

ರಿಪೇರಿಯವನು ಬೂಟನ್ನು ತಿರುಗಿಸಿ ನೋಡಿದ, ಮೂಸಿದ. ಆಮೇಲೆ ಎದ್ದು ಮೂಲೆಯ ಕಪಾಟಿನಿಂದ ಒಂದು ಬಲಗಾಲಿನ ಬೂಟು ತಂದು ಪಕ್ಕದಲ್ಲಿಟ್ಟ. ಅದೇ ಬಣ್ಣ, ಅದೇ ಅಳತೆ. ಅವನ ಕಣ್ಣು ತುಂಬಿ ಬಂತು.

"ಒಂಬತ್ತು ವರ್ಷ ಸ್ವಾಮಿ. ಒಂಬತ್ತು ವರ್ಷದಿಂದ ಇದರ ಜೋಡಿಗೆ ಕಾಯ್ತಾ ಇದ್ದೆ. ಯಾರೋ ಇಟ್ಟು ಹೋದೋರು ವಾಪಸ್ ಬರಲೇ ಇಲ್ಲ. ಇವಳು ಒಬ್ಬಂಟಿಯಾಗಿ…"

ಜೋಡಿಯನ್ನು ಅಗಲಿಸುವಷ್ಟು ಕಲ್ಲೆದೆ ಚೀಟಿಯಪ್ಪನಿಗೆ ಇರಲಿಲ್ಲ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬೆರಳು ಹೊರಗೆ ಬಂದ ಕಾಲುಚೀಲ. ಕುಂಟುತ್ತ ಅವನು ಪರವಾನಗಿ ಕಚೇರಿಯ ಮೆಟ್ಟಿಲು ಹತ್ತಿದ. ಕೊಡಲು ಹೋದರೆ ಜನ ಬಾಚಿಕೊಳ್ಳುತ್ತಾರೆ, ಕೇಳಲು ಹೋದರೆ ಆಗುವುದಿಲ್ಲ ಎನ್ನುತ್ತಾರೆ ಎಂಬುದು ಅವನಿಗೆ ಹೊಳೆದಿತ್ತು. ಆಗುವುದಿಲ್ಲ ಎನ್ನುವುದಕ್ಕೆಂದೇ ಸಂಬಳ ಪಡೆಯುವವರು ಇರುವ ಜಾಗ ಇದು.

ಪ್ರಾಣಿ ಸಾಕುವವರ ಅರ್ಜಿ ತೆಗೆದುಕೊಳ್ಳುವ ನಾಲ್ಕನೇ ಕಿಟಕಿಯ ಗುಮಾಸ್ತ ತಲೆ ಎತ್ತದೆ ಕೇಳಿದ. "ಏನು ಸಾಕ್ತೀರಿ?"

"ಮೊಸಳೆ."

"ಎಲ್ಲಿ?"

"ಮಹಡಿ ಮೇಲಿನ ಬಾಡಿಗೆ ಕೋಣೆಯಲ್ಲಿ. ಹತ್ತಡಿಗೆ ಎಂಟಡಿ."

"ಮೊಸಳೆಯ ವಯಸ್ಸು?"

"ಅದರ ವಯಸ್ಸು ಯಾಕೆ ಸಾರ್? ಆಗಲ್ಲ ಅಂದ್ಬಿಡಿ. ಇಲ್ಲಿ ಸಹಿ ಹಾಕಿಬಿಡಿ. ನಿಮ್ಗೂ ಕೆಲಸ ಕಮ್ಮಿ."

ಗುಮಾಸ್ತ ಈಗ ತಲೆ ಎತ್ತಿದ. ಅವಮಾನವಾದವನ ಮುಖ. "ನೋಡಿ, ಅರ್ಜಿ ಬೇಡ ಅನ್ನೋಕೆ ನನಗೆ ಅಧಿಕಾರ ಇಲ್ಲ. ಈ ಕಿಟಕಿಯಲ್ಲಿ ತಗೊಳ್ಳೋದು ಮಾತ್ರ. ಬೇಡ ಅನ್ನೋ ಕಿಟಕಿ ಮೇಲಿನ ಮಹಡಿ. ಅದು ತೆರೆಯೋದು ತಿಂಗಳಿಗೊಂದು ಸಲ." ಅವನು ಅರ್ಜಿಯ ಮೇಲೆ ಧಡ್ ಎಂದು ಠಸ್ಸೆ ಒತ್ತಿದ. 'ಸ್ವೀಕರಿಸಲಾಗಿದೆ.'

ಮಧ್ಯಾಹ್ನದ ಹೊತ್ತಿಗೆ ಚೀಟಿಯಪ್ಪನಿಗೆ ಒಂದು ವಿಷಯ ಖಚಿತವಾಯಿತು. ಅಪರಿಚಿತರನ್ನು ನಂಬಿ ಫಲವಿಲ್ಲ. ತನ್ನನ್ನು ಕಂಡರೆ ಆಗದವರೇ ಬೇಕು. ಹಾಗೆ ಯೋಚಿಸಿದ ಕೂಡಲೇ ರೇಡಿಯೋ ಅಜ್ಜಿಯ ಮುಖ ಹುಣ್ಣಿಮೆಯ ಚಂದ್ರನ ಹಾಗೆ ಮೂಡಿಬಂತು. ಸದ್ದಿನ ಜಗಳದಲ್ಲಿ, 'ನಿನ್ನ ಕೈಯಿಂದ ಒಂದು ಲೋಟ ನೀರೂ ಮುಟ್ಟಲ್ಲ' ಎಂದು ಅವಳು ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಆಣೆ ಮಾಡಿದ್ದಳು.

ಅವನು ಮನೆ ತಲುಪಿದಾಗ ಅಜ್ಜಿ ಬಾಗಿಲಲ್ಲೇ ಕೂತು ರೇಡಿಯೋಗೆ ಬೈಯುತ್ತಿದ್ದಳು.

"ಅಜ್ಜೀ, ನನ್ನ ಮಂಚ ತಗೋತೀರಾ? ಹಾಸಿಗೆ ಸಮೇತ. ನನ್ನ ಕೈಯಿಂದ!" ಎಂದು ಕೊನೆಯ ಮಾತನ್ನು ಒತ್ತಿ ಹೇಳಿದ.

ಅಜ್ಜಿ ರೇಡಿಯೋ ತಗ್ಗಿಸಿದಳು. "ನಾಲ್ಕೂ ಕಾಲು ಇದೆಯಾ?"

"ಇದೆ. ಆದ್ರೆ ನನ್ನ ಕೈಯಿಂದ ನೀರೂ ಮುಟ್ಟಲ್ಲ ಅಂದಿದ್ರಲ್ಲ?"

"ನೀರು ಮುಟ್ಟಲ್ಲ. ಮಂಚದಲ್ಲಿ ನೀರೆಲ್ಲಿದೆ? ಇಳಿಸು."

ಅಜ್ಜಿಗೆ ರೇಡಿಯೋ ಕೇಳುವ ಅಭ್ಯಾಸ ಮಾತ್ರವಲ್ಲ, ಪ್ರಸಾರ ಮಾಡುವ ಅಭ್ಯಾಸವೂ ಇತ್ತು. ಮಂಚದ ಮೂರನೇ ಕಾಲು ಮೆಟ್ಟಿಲು ಇಳಿಯುವಷ್ಟರಲ್ಲಿ, ಮೇಲಿನ ಕೋಣೆಯವನು ಎಲ್ಲವನ್ನೂ ಕೊಡುತ್ತಿದ್ದಾನೆ ಎಂಬ ಸುದ್ದಿ ಬೀದಿಯ ಆಚೆ ತುದಿ ಮುಟ್ಟಿತ್ತು. ನಾಲ್ಕನೇ ಕಾಲು ಇಳಿಯುವಷ್ಟರಲ್ಲಿ ಮೆಟ್ಟಿಲ ಮೇಲೆ ಸಾಲು ನಿಂತಿತ್ತು.

ಇಷ್ಟು ಜನರಲ್ಲಿ ಒಬ್ಬನಾದರೂ ಬೇಡ ಎನ್ನದೆ ಇರುತ್ತಾನೆಯೇ? ಚೀಟಿಯಪ್ಪ ನೀಲಿ ಚೀಟಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಗಳಿಂದ ಕೊಡತೊಡಗಿದ. ತಳವಿಲ್ಲದ ಬಕೆಟ್ ಎತ್ತಿ ತೋರಿಸಿದ. ಇಸ್ತ್ರಿಯವಳು ಗಿಡಕ್ಕೆ ಬೇಲಿ ಆಗುತ್ತದೆಂದು ತೆಗೆದುಕೊಂಡಳು. ಹಿಂದಕ್ಕೆ ಓಡುವ ಗಡಿಯಾರವನ್ನು ಕ್ಷೌರದವನು ಕನ್ನಡಿಯ ಎದುರು ಗೋಡೆಗೆ ಬೇಕೆಂದ, ಕನ್ನಡಿಯಲ್ಲಿ ನೋಡಿದರೆ ಸರಿ ಕಾಣುತ್ತದಂತೆ. ಅರ್ಧ ಬಾಚಣಿಗೆ ಅರ್ಧ ತಲೆ ಬೋಳಾದವರೊಬ್ಬರಿಗೆ ಹೋಯಿತು. ಕೊನೆಗೆ ಹತಾಶನಾಗಿ ಹೋದ ವರ್ಷದ ಕ್ಯಾಲೆಂಡರನ್ನು ಎತ್ತಿ ಹಿಡಿದು, "ಇದು ಮುಗಿದುಹೋಗಿದೆ! ಇದರಿಂದ ಯಾರಿಗೂ ಏನೂ ಉಪಯೋಗ ಇಲ್ಲ!" ಎಂದು ಕಿರುಚಿದ.

"ಕೊಡಿ," ಎಂದರು ಎದುರುಮನೆಯ ಯಜಮಾನರು ಮೆಲ್ಲಗೆ. "ಹೋದ ವರ್ಷ ಚೆನ್ನಾಗಿತ್ತು."

ಆ ಸಾಲನ್ನು ಸೀಳಿಕೊಂಡು ಅಕ್ಕ ಬಂದಳು. ಎರಡು ಬೀದಿ ಆಚೆ ಇದ್ದ ಅವಳಿಗೆ ಸುದ್ದಿ ತಲುಪುವಾಗ ತಮ್ಮನ ಆಯುಷ್ಯ ಅರ್ಧ ದಿನಕ್ಕೆ ಇಳಿದಿತ್ತು.

"ಎಷ್ಟು ದಿನ ಅಂದ್ರೋ ಡಾಕ್ಟ್ರು? ನನ್ನ ಹತ್ರ ಮುಚ್ಚಿಡಬೇಡ!"

"ಯಾವ ಡಾಕ್ಟ್ರು ಅಕ್ಕಾ? ನಂಗೇನೂ ಆಗಿಲ್ಲ."

"ಏನೂ ಆಗದೋನು ಮಂಚ ಯಾಕೋ ಕೊಡ್ತಾನೆ? ಬೂಟೆಲ್ಲಿ? ಅಯ್ಯೋ, ಕಾಲಿಂದ ಶುರುವಾಗಿದೆಯಾ?"

ಚೀಟಿಯಪ್ಪ ಖಾಲಿ ಕೋಣೆಯನ್ನು ನೋಡಿದ. ಗೋಡೆಯ ಮೇಲೆ ಕ್ಯಾಲೆಂಡರಿದ್ದ ಜಾಗದಲ್ಲಿ ಒಂದು ಬಿಳಿ ಚೌಕ, ನೆಲದ ಮೇಲೆ ಮಂಚವಿದ್ದ ಜಾಗದಲ್ಲಿ ಆರು ತಿಂಗಳ ಧೂಳು. ಆಗ ಅವನಿಗೆ ಭಾವ ನೆನಪಾದರು. ಭಾವನಿಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಇಲ್ಲಿ ಬೇಡ ಎನ್ನುವುದು ನೂರಕ್ಕೆ ನೂರು.

"ಅಕ್ಕಾ, ನಾನು ನಿಮ್ಮನೆಗೇ ಬಂದು ಇದ್ದುಬಿಡ್ಲಾ? ಕಾಯಂ ಆಗಿ? ಭಾವನ್ನ ಕೇಳು. ಬೇಡ ಅಂತಾರೆ ಅಲ್ವಾ?" ಅವನ ದನಿಯಲ್ಲಿ ಆಸೆ ತುಳುಕುತ್ತಿತ್ತು.

ಅಕ್ಕ ಅಲ್ಲೇ ಫೋನು ಹಚ್ಚಿದಳು. ಆ ಕಡೆಯಿಂದ ಭಾವನ ದನಿ ಮೆಟ್ಟಿಲವರೆಗೂ ಕೇಳಿಸಿತು. "ಕಳಿಸೇ! ಈಗಲೇ ಕಳಿಸು!"

"ನಿನ್ನ ಭಾವ ಹೋದ ತಿಂಗಳಿಂದ ಕಹಳೆ ಊದೋಕೆ ಕಲೀತಿದಾರೆ ಕಣೋ," ಎಂದು ಅಕ್ಕ ಕಣ್ಣೊರೆಸಿಕೊಂಡಳು. "ನಾನು ಕಿವಿಗೆ ಹತ್ತಿ ಇಟ್ಕೊಂಡಿದೀನಿ. ಕೂತು ಕೇಳೋಕೆ ಯಾರಾದ್ರೂ ಬೇಕು ಅಂತಿದ್ರು. ನಿನ್ನ ಒಳ್ಳೇ ಮನಸ್ಸು ನೋಡು."

ಚೀಟಿಯಪ್ಪ ಕಚೇರಿಗೆ ಮರಳಿದಾಗ ನಾಲ್ಕೂವರೆ. ಬಾಗಿಲಲ್ಲೇ ಪರವಾನಗಿ ಕಚೇರಿಯ ಪೇದೆಯೊಬ್ಬ ಕಾಯುತ್ತಿದ್ದ. ಕೈಯಲ್ಲಿ ಉದ್ದನೆಯ ಲಕೋಟೆ.

"ಮೊಸಳೆಯವರು ನೀವೇನಾ?"

"ಅಂದ್ರೆ, ಆಗಲ್ಲ ಅಂದ್ರಾ?" ಚೀಟಿಯಪ್ಪ ಲಕೋಟೆಗೆ ಕೈ ಹಾಕಿದ. "ಮೇಲಿನ ಕಿಟಕಿ ತೆರೆದ್ರಾ?"

"ತೆರೆದ್ರು. ಇವತ್ತೇ ತೆರೆಯೋ ದಿನ. ಮಂಜೂರಾಗಿದೆ." ಪೇದೆ ಕೈ ಕುಲುಕಿದ. "ಇಂಥ ಅರ್ಜಿ ಬಂದದ್ದು ಇದೇ ಮೊದಲಂತೆ. ಬೇಡ ಅನ್ನೋಕೆ ಯಾವ ನಿಯಮ ಅಂತ ಹುಡುಕಿದ್ರೆ ನಿಯಮವೇ ಇಲ್ಲ. ಒಂದು ವಾರದೊಳಗೆ ಮೊಸಳೆ ತಂದು ತೋರಿಸ್ಬೇಕು, ಇಲ್ಲಾಂದ್ರೆ ದಂಡ."

ಒಳಗೆ ಪ್ರಧಾನರ ಕನ್ನಡಕ ಮೇಜಿನ ಮೇಲಿತ್ತು. ಅಚ್ಚಿನ ಮೇಸ್ತ್ರಿ ಆಗಲೇ ಬಂದು, 'ಟಿ' ಅಕ್ಷರದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದ. ಮಸಿ ಹತ್ತಿದ ಅವನ ಹೆಬ್ಬೆರಳು ದಾರದ ಗಂಟಿನ ಮೇಲಿತ್ತು.

"ಏನಾಯ್ತು, ಏನು ಸಂಭವಿಸಿತು, ಏನು ಜರುಗಿತು?" ಎಂದು ಮೂರ್ಮಾತು ಓಡಿಬಂದ.

"ಇಡೀ ಊರಲ್ಲಿ ಬೇಡ ಅನ್ನೋ ಒಂದು ಗಂಡುಹುಳ ಇಲ್ಲ."

ಮೂರ್ಮಾತು ಅತ್ತಿತ್ತ ನೋಡಿ, ಅವನ ಕಿವಿಗೆ ಬಾಯಿಟ್ಟ. "ಗಂಡುಹುಳ ಯಾಕಯ್ಯಾ? ಮೂಲೇಲಿ ನೋಡು."

ಮೂಲೆಯಲ್ಲಿ ಕರಡಿನ ಮೇಡಂ ತಲೆ ಬಗ್ಗಿಸಿ ಕೂತಿದ್ದಳು. ಅವಳ ಖ್ಯಾತಿ ಇಲಾಖೆಗಳನ್ನು ದಾಟಿತ್ತು. ಹನ್ನೊಂದು ವರ್ಷಗಳಲ್ಲಿ ಅವಳು ಬೇಡ ಎನ್ನದ ವಸ್ತುವಿರಲಿಲ್ಲ. ಕಿಟಕಿ ಪಕ್ಕದ ಜಾಗ ಕೊಟ್ಟರೆ, ಬೆಳಕು ಓಲಾಡುತ್ತದೆ, ಬೇಡ. ಬಡ್ತಿ ಕೊಟ್ಟರೆ, ಸಭೆಗಳಿಗೆ ಹೋಗಬೇಕಾಗುತ್ತದೆ, ಬೇಡ. ಚಹಾ ಬಿಸಿ, ಬೇಡ. ಆರಿದ್ದು, ಬೇಡ. ಪ್ರಧಾನರು ಒಮ್ಮೆ ಅವಳ ಹುಟ್ಟುಹಬ್ಬಕ್ಕೆಂದು ಒಂದು ದಿನ ರಜೆ ಕೊಟ್ಟಾಗ ಅವಳು ಆಜ್ಞೆಯ ಕಾಗದದಲ್ಲಿ ಆರು ತಪ್ಪು ಗುರುತಿಸಿ ವಾಪಸು ಕಳಿಸಿದ್ದಳು.

"ಮೇಡಂಗೆ ಏನು ಕೊಡ್ಲಿ? ನನ್ನ ಹತ್ರ ಏನೂ ಉಳಿದಿಲ್ಲ."

"ನೀನೇ ಉಳಿದಿದೀಯಲ್ಲ," ಎಂದ ಮೂರ್ಮಾತು. "ಮದುವೆ, ವಿವಾಹ, ಲಗ್ನ. ಒಂದು ಸೆಕೆಂಡಲ್ಲಿ ಬೇಡ ಅಂತಾಳೆ."

ಚೀಟಿಯಪ್ಪನಿಗೆ ಇದು ಎಷ್ಟು ಖಚಿತವೆನಿಸಿತೆಂದರೆ, ಹೊತ್ತು ಉಳಿಸಲು ಅವನು ಗೋಡೆಗೆ ಒತ್ತಿ ನೀಲಿ ಚೀಟಿಯನ್ನು ಮೊದಲೇ ತುಂಬಿಸಿಬಿಟ್ಟ. ಸಹಿಯ ಜಾಗ ಒಂದೇ ಖಾಲಿ. ಗಡಿಯಾರ ನಾಲ್ಕು ಐವತ್ತು ತೋರಿಸುತ್ತಿತ್ತು. ಅದನ್ನೂ ಬರೆದ. ಚೀಟಿಯನ್ನು ಅಂಗೈಯಲ್ಲಿ ಮಡಚಿಕೊಂಡು, ಟಕ್ ಎಂದೊಂದು ಹೆಜ್ಜೆ, ಸದ್ದಿಲ್ಲದೆ ಇನ್ನೊಂದು ಹೆಜ್ಜೆ ಹಾಕುತ್ತ ಮೂಲೆಯ ಮೇಜಿಗೆ ಹೋದ.

"ಮೇಡಂ, ನನ್ನನ್ನ ಮದುವೆ ಆಗ್ತೀರಾ?"

ಮೇಡಂ ತಲೆ ಎತ್ತಲಿಲ್ಲ. ಓದುತ್ತಿದ್ದ ಸಾಲು ಮುಗಿಸಿದಳು, ಅದರ ಕೊನೆಗೆ ಬೆರಳಿಟ್ಟಳು.

"ಯಾಕೆ?"

ಸುಮ್ನೆ ಎನ್ನಲು ಅವನು ಬಾಯಿ ತೆರೆದ. ನಿಯಮ ಏಳು ನೆನಪಾಯಿತು. ಕೊಡುವ ಮನಸ್ಸು ನಿಜವಾಗಿರಬೇಕು. ಹಾಗಾದರೆ ಇದು ನಿಜವೇ? ಅವನು ತನ್ನೊಳಗೆ ಕೈ ಹಾಕಿ ತಡಕಿದ. ಹಳೆಯ ಕೋಟಿನ ಅಸ್ತರಿನಲ್ಲಿ ಜಾರಿಹೋದ ಬೀಗದ ಕೈ ಸಿಕ್ಕ ಹಾಗೆ ಏನೋ ಸಿಕ್ಕಿತು. ಆರು ತಿಂಗಳು ದಿನಾ ಮಧ್ಯಾಹ್ನ ಅವಳ ಎದುರಿನ ಮೇಜಿನಲ್ಲೇ ಊಟದ ಡಬ್ಬಿ ಬಿಚ್ಚಿದ್ದು, ಪೆನ್ಸಿಲ್ ಗುರುತುಗಳನ್ನು ಅಳಿಸದೆ ಮನೆಗೆ ಒಯ್ದದ್ದು…

"ನೀವು ನನ್ನ ಪುಟ ಪೆನ್ಸಿಲ್‌ನಲ್ಲಿ ತಿದ್ತೀರಿ," ಎಂದ. "ಅದಕ್ಕೆ."

ಮೇಡಂ ಈಗ ತಲೆ ಎತ್ತಿದಳು. "ನಿಜ ಹೇಳ್ತಿದೀರಾ?"

"ನಿಜ." ಹೇಳಿದ ಮೇಲೆ, ಅದು ಸುಳ್ಳಲ್ಲವೆಂದು ಗೊತ್ತಾಗಿ ಅವನಿಗೇ ಗಾಬರಿಯಾಯಿತು.

"ಒಂದು ಕಾಲಿಗೆ ಬೂಟಿಲ್ಲ."

"ಕೊಟ್ಬಿಟ್ಟೆ."

"ಮನೆ?"

"ಖಾಲಿ. ಭಾವನ ಮನೆಗೆ ಹೋಗ್ಬೇಕು. ಕಹಳೆ ಇದೆ."

"ಏನೋ ಮೊಸಳೆ ಅಂತಿದ್ರು ಬಾಗಿಲಲ್ಲಿ."

"ಮಂಜೂರಾಗಿದೆ."

ಆಗ ಹನ್ನೊಂದು ವರ್ಷಗಳಲ್ಲಿ ಯಾರೂ ಕಾಣದ್ದು ನಡೆಯಿತು. ಮೇಡಂ ನಕ್ಕಳು. ಮೊದಲು ಮೂಗಿನಲ್ಲಿ ಒಂದು ಸಣ್ಣ ಸದ್ದು, ಆಮೇಲೆ ಭುಜ, ಆಮೇಲೆ ಇಡೀ ಮುಖ. ಪ್ರಧಾನರು ಚೆನ್ನಾಗಿ ನೋಡಲು ಕನ್ನಡಕ ಹಾಕಿಕೊಂಡರು.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಆಗ್ತೀನಿ. ಹನ್ನೊಂದು ವರ್ಷದಲ್ಲಿ ಎಲ್ರೂ ನಂಗೆ ಏನೇನೋ ಕೊಡೋಕೆ ಬಂದ್ರು, ಯಾಕೆ ಅಂದ್ರೆ ಒಬ್ರೂ ಸರಿಯಾದ ಕಾರಣ ಹೇಳ್ಲಿಲ್ಲ. ನೀವು ಹೇಳಿದ್ರಿ."

"ಒಪ್ಪಿದಳು, ಸಮ್ಮತಿಸಿದಳು…" ಎಂದ ಮೂರ್ಮಾತು. ಮೂರನೆಯದು ಅವನ ಜೀವಮಾನದಲ್ಲಿ ಮೊದಲ ಸಲ ಹೊರಡಲಿಲ್ಲ.

ಚೀಟಿಯಪ್ಪನಿಗೆ ನೆಲ ಎಲ್ಲಿದೆಯೆಂದು ಗೊತ್ತಾಗುತ್ತಿದ್ದದ್ದು ಬೂಟಿಲ್ಲದ ಕಾಲಿನಿಂದ ಮಾತ್ರ. ಕೆಲಸ ಹೋದರೆ ಹೋಗಲಿ. ಮಂಚ ಹೋಗಲಿ. ಇಬ್ಬರೂ ಕೂತು ಕಹಳೆ ಕೇಳಬಹುದು. ಒಂದು ಸಣ್ಣ ಮೊಸಳೆಯನ್ನೂ ತರಬಹುದು. ಅವನು ಎರಡೂ ಕೈಗಳನ್ನು ಅವಳ ಕಡೆಗೆ ಚಾಚಿದ.

ಮೇಡಂ ಅವನ ಅಂಗೈಯನ್ನು ನೋಡಿದಳು. "ಏನದು ಕೈಯಲ್ಲಿ?"

"ಏನಿಲ್ಲ. ಕಾಗದ."

"ಕೊಡಿ. ಈ ಕಚೇರಿಯಲ್ಲಿ ನಾನು ಓದದೆ ಯಾವ ಕಾಗದಾನೂ ಹೊರಗೆ ಹೋಗಲ್ಲ."

"ಬೇಡ ಮೇಡಂ, ಅದು ಹಳೇದು…"

ಅವಳು ಆಗಲೇ ಮಡಿಕೆ ಬಿಚ್ಚಿದ್ದಳು. ಎಲ್ಲವನ್ನೂ ಓದುವ ಹಾಗೆ ಅದನ್ನೂ ಎರಡು ಸಲ ಓದಿದಳು. ಮೊದಲ ಸಲ ಮನಸ್ಸಿನಲ್ಲಿ, ಎರಡನೇ ಸಲ ಗಟ್ಟಿಯಾಗಿ.

"'ಮಾತು: ಟರ್ನ್ ಡೌನ್. ಅರ್ಥ: ಮೂರು. ಮುಂದಿಟ್ಟದ್ದು: ಮದುವೆ. ಬೇಡ ಎಂದವರು: ಕರಡು ವಿಭಾಗದ ಮೇಡಂ. ಸಮಯ: ನಾಲ್ಕು ಐವತ್ತು. ಷರಾ: ಶುದ್ಧ ಉದಾಹರಣೆ. ನಿರೀಕ್ಷಿಸಿದಂತೆಯೇ ನಡೆಯಿತು.'"

ಮೂರ್ಮಾತು ಮೆಲ್ಲಗೆ ತನ್ನ ಮೇಜಿನ ಹಿಂದಕ್ಕೆ ಸರಿದ.

"ಮೇಡಂ, ಅದು ಬರೆದಾಗ ನಂಗೆ ಗೊತ್ತಿರ್ಲಿಲ್ಲ. ಈಗ ಗೊತ್ತಾಯ್ತು. ಆಣೆ ಮಾಡಿ ಹೇಳ್ತೀನಿ…"

ಅವಳು ಪೆನ್ಸಿಲ್ ಎತ್ತಿಕೊಳ್ಳಲು ಹೋಗಿ, ಅದನ್ನು ಬಿಟ್ಟು ಕೆಂಪು ಪೆನ್ನು ತೆಗೆದುಕೊಂಡಳು. ಗಡಿಯಾರ ನೋಡಿದಳು. 'ನಾಲ್ಕು ಐವತ್ತು' ಎಂಬುದನ್ನು ಹೊಡೆದು 'ನಾಲ್ಕು ಐವತ್ತೇಳು' ಎಂದು ಬರೆದಳು.

"ಸಮಯ ಒಂದು ತಪ್ಪಿತ್ತು," ಎಂದಳು. "ಈಗ ಎಲ್ಲಾ ಸರಿ ಇದೆ. ನಾನು ನಿಮ್ಮನ್ನ ಮದುವೆ ಆಗಲ್ಲ."

"ಹುಟ್ಟಿತು!" ಪ್ರಧಾನರು ಕುರ್ಚಿಯಿಂದ ನೆಗೆದರು. ಇಪ್ಪತ್ತೆರಡು ವರ್ಷಗಳಲ್ಲಿ ಇಷ್ಟು ನಿಚ್ಚಳವಾದ ಘಟನೆಯನ್ನು ಅವರು ಕಣ್ಣಾರೆ ಕಂಡಿರಲಿಲ್ಲ. "ಉದಾಹರಣೆ ಹುಟ್ಟಿತು! ಕೊಟ್ಟದ್ದು ನಿಜ, ಬೇಡ ಅಂದದ್ದು ನಿಜ, ಹೊತ್ತು ನಿಜ! ಏ ಮೇಸ್ತ್ರಿ, ಗಂಟು ಬಿಚ್ಚು. ಚೀಟಿಯಪ್ಪಾ, ನೀನು ಕಾಯಂ ಆದೆ ಅಂತ ತಿಳ್ಕೋ! ತಗೊಂಡು ಬಾ, ತಗೊಂಡು ಬಾ." ಅರ್ಧ ದಾರಿಯಲ್ಲಿ ಅವರು ನಿಂತರು. "ಸಹಿ ಆಯ್ತೇನಪ್ಪಾ?"

ಸಹಿ ಆಗಿರಲಿಲ್ಲ. ಮೇಡಂ ನೀಲಿ ಚೀಟಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟು, ನಿಲ್ಲಿಸಿದ್ದ ಸಾಲಿನ ಮುಂದಿನ ಸಾಲಿಗೆ ಬೆರಳು ಜಾರಿಸಿದ್ದಳು.

ಗಡಿಯಾರದ ದೊಡ್ಡ ಮುಳ್ಳು ಹನ್ನೆರಡರ ಕಡೆಗೆ ಕೊನೆಯ ಗೆರೆ ಹತ್ತುತ್ತಿತ್ತು. ಮೇಸ್ತ್ರಿ ಕೆಮ್ಮಿದ. ಚೀಟಿಯಪ್ಪ ಜೇಬಿನಿಂದ ಪೆನ್ನು ತೆಗೆದ. ಈ ದಿನ ಅವನು ಯಾರಿಗೂ ಕೊಡದೆ ಉಳಿಸಿಕೊಂಡಿದ್ದ ವಸ್ತು ಅದೊಂದೇ. ಮುಚ್ಚಳ ತೆರೆದು, ಎರಡೂ ಕೈಗಳಲ್ಲಿ ಹಿಡಿದು ಅವಳ ಮುಂದೆ ಚಾಚಿದ.

"ಮದುವೆ ಬೇಡ ಅಂದ್ರಿ, ಸರಿ," ಎಂದ. "ಬೇಡ ಅಂದದ್ದಕ್ಕಾದ್ರೂ ಒಂದು ಸಹಿ…"

ಮೇಡಂ ಪೆನ್ನನ್ನು ನೋಡಿದಳು. ಕಾಲುಚೀಲದಿಂದ ಇಣುಕುತ್ತಿದ್ದ ಹೆಬ್ಬೆರಳನ್ನು ನೋಡಿದಳು. ಪೆನ್ನನ್ನು ಒಂದೇ ಬೆರಳಿನಿಂದ ಅವನ ಕಡೆಗೆ ಹಿಂದಕ್ಕೆ ತಳ್ಳಿದಳು.

"ಹಾಕಲ್ಲ."